ಬೋರ್ಡ್ ಹಾಕಿದ ಮಾತ್ರಕ್ಕೆ ಪಾರಾಗೋದುಂಟೆ?

ಬ್ರೇಕ್ ಸರಿ ಮಾಡಿಸಲು ಸ್ಕೂಟರ್ ಬಿಟ್ಟುಹೋದ ಗಿರಾಕಿ ಸಂಜೆ ಬಂದು ನೋಡಿದರೆ ಮುಂದಿನ ಮಡ್‌ಗಾರ್ಡ್ ನಜ್ಜುಗುಜ್ಜು! "ಏನಪ್ಪಾ ಇದು?" ಎಂದರೆ, "ಹುಡುಗ ಟ್ರಯಲ್‌ಗೆ ತಗೊಂಡೋಗಿದ್ದ ಸಾರ್, ನಾಯಿ ಅಡ್ಡ ಬಂತು. ಬೋರ್ಡ್ ನೋಡ್ಲಿಲ್ವಾ?" ದೇವರ ಕ್ಯಾಲೆಂಡರಿನ ಪಕ್ಕದಲ್ಲಿ ಕೆಂಪಕ್ಷರ: 'ವಾಹನಗಳಿಗೆ ಮಾಲೀಕರೇ ಜವಾಬ್ದಾರರು'. ಗಿರಾಕಿ ಗೊಣಗುತ್ತಾ ಗಾಡಿ ತಳ್ಳಿಕೊಂಡು ಹೊರಡುತ್ತಾನೆ. ಪೇಟೆಯಲ್ಲಿ ಇದು ಹಳೇ ಕಥೆ.

ಕಾನೂನು ಹೇಳುವ ಕಥೆ ಬೇರೆ. 1872ರ ಕರಾರು ಕಾಯಿದೆಯ 151ನೇ ಕಲಮಿನಂತೆ, ರಿಪೇರಿಗೆ ವಸ್ತು ಪಡೆದವನು ಅದನ್ನು ವಿವೇಕವುಳ್ಳ ಮನುಷ್ಯ ತನ್ನದೇ ವಸ್ತುವನ್ನು ನೋಡಿಕೊಳ್ಳುವಷ್ಟು ಜೋಪಾನವಾಗಿ ನೋಡಿಕೊಳ್ಳಬೇಕು. ನೋಡಿಕೊಂಡೆ ಎಂದು ತೋರಿಸಬೇಕಾದವನೂ ಅವನೇ. ಶೆಡ್ಡಿನೊಳಗೆ ನಡೆದದ್ದು ಗಿರಾಕಿಗೆ ಹೇಗೆ ಗೊತ್ತಾದೀತು! 'ಹುಡುಗ ಮಾಡಿದ್ದು' ಎಂದು ಯಜಮಾನ ಕೈತೊಳೆದುಕೊಳ್ಳುವಂತೆಯೂ ಇಲ್ಲ.

ಹಾಗಂತ ಎಲ್ಲದಕ್ಕೂ ಮೆಕ್ಯಾನಿಕ್‌ನೇ ಹೊಣೆಯಲ್ಲ. ಜೋಪಾನ ಮಾಡಿದ್ದೂ ರಾತ್ರೋರಾತ್ರಿ ನೆರೆ ನುಗ್ಗಿದರೆ ಅವನ ತಪ್ಪಿಲ್ಲ. ಆದರೆ ಕೊಡುತ್ತೇನೆಂದ ದಿನ ಕೊಡದೆ 'ನಾಳೆ ಬನ್ನಿ, ನಾಡಿದ್ದು ಬನ್ನಿ' ಎಂದು ಸತಾಯಿಸಿದನೋ, 161ನೇ ಕಲಮು ಹಿಡಿಯುತ್ತೆ: ಅವನ ತಪ್ಪಿನಿಂದ ವಾಪಸಾತಿ ತಡವಾದರೆ, ಆ ಗಡುವಿನಿಂದಾಚೆ ಆದ ನಷ್ಟವೆಲ್ಲ ಅವನ ತಲೆಗೇ. 'ನಾಳೆ ಬನ್ನಿ' ಎನ್ನುವ ಟೈಲರ್, ಮಿಕ್ಸಿ ರಿಪೇರಿಯವರೂ ಇದನ್ನು ಕೇಳಿಸಿಕೊಂಡರೆ ಒಳ್ಳೇದು. ಇತ್ತ, ಕೂಲಿ ಕೊಡದೆ ಗಾಡಿ ಬಿಡಲ್ಲ ಎನ್ನುವ ಹಕ್ಕು ಮೆಕ್ಯಾನಿಕ್‌ಗೂ ಉಂಟು. ಅದು 170ನೇ ಕಲಮು.

ಇನ್ನು ಬೋರ್ಡಿನ ಮಾತು. ಲಾಂಡ್ರಿಗೆ ಕೊಟ್ಟ ಹೊಸ ಸೀರೆ ಕಳೆದುಹೋಗಿ, ರಶೀದಿಯಲ್ಲಿ ಅಚ್ಚಾಗಿದೆಯೆಂದು ಬೆಲೆಯ ಶೇ. 15 ಮಾತ್ರ ಕೊಡಲು ಹೊರಟಾಗ ಮದ್ರಾಸ್ ಹೈಕೋರ್ಟ್ ಒಪ್ಪಲಿಲ್ಲ. 1966ರ ಕಾನೂನು ವರದಿಯಲ್ಲಿದೆ. ದೆಹಲಿಯ ಹೋಟೆಲಿನಲ್ಲಿ ಕಾರು ಕಳುವಾದ ಪ್ರಕರಣದಲ್ಲಿ 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು: ಮೊದಲು ನಿರ್ಲಕ್ಷ್ಯವಿಲ್ಲವೆಂದು ತೋರಿಸಿ, 'ಮಾಲೀಕರ ಜವಾಬ್ದಾರಿ' ಮಾತು ಆಮೇಲೆ.

ಗಿರಾಕಿ ಹೋಗಬೇಕಾದ್ದು ಜಿಲ್ಲಾ ಗ್ರಾಹಕರ ಆಯೋಗಕ್ಕೆ. 2 ವರ್ಷದೊಳಗೆ ಅರ್ಜಿ ಬೀಳಬೇಕು. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಬೇಕೇಬೇಕೆಂದೂ ಇಲ್ಲ. ಅಲ್ಲಿ ಕೇಳೋದು ಚೀಟಿ: ಗಾಡಿ ಯಾವತ್ತು ಬಿಟ್ಟಿರಿ, ಆಗ ಹೇಗಿತ್ತು? 'ಮಡ್‌ಗಾರ್ಡ್ ಮೊದಲೇ ಹೋಗಿತ್ತು ಸ್ವಾಮಿ' ಎಂದು ಎದುರಿನವನು ಶುರು ಮಾಡುವುದು ಚೀಟಿ ಇಲ್ಲದಾಗಲೇ. ನಮ್ಮ ಪೇಟೆಯಲ್ಲೋ, ಕೀಲಿಕೈ ಮೇಜಿನ ಮೇಲೆಸೆದು "ಸಂಜೆ ಬರ್ತೀನಪ್ಪಾ" ಅಂದು ಹೋಗೋರೇ ಜಾಸ್ತಿ.