ಗೋಡೆಯೊಳಗಿನ ಪೈಪು ಎಷ್ಟು ದಪ್ಪ?

ಕೋವಿಡ್ ಕಾಲದಲ್ಲಿ, 2021ರ ಮೇ ತಿಂಗಳಲ್ಲಿ, ಕರ್ನಾಟಕಕ್ಕೆ ದಿನಕ್ಕೆ 1,200 ಟನ್ ಆಕ್ಸಿಜನ್ ಕೊಡಬೇಕೆಂದು ಹೈಕೋರ್ಟ್ ಆದೇಶಿಸಿತು. ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲಿಲ್ಲ. ಎಲ್ಲರ ಕಣ್ಣೂ ಟ್ಯಾಂಕರ್ ಮೇಲಿತ್ತು. ಟ್ಯಾಂಕರ್ ಬಂದಮೇಲೆ ಅನಿಲ ಹಾಸಿಗೆ ಮುಟ್ಟುವ ದಾರಿಗೂ ಒಂದು ಲೆಕ್ಕವಿದೆ.

ನಿಮಿಷಕ್ಕೆ 15 ಲೀಟರ್ ಬೇಕಾದ ರೋಗಿಗಳು 100 ಮಂದಿ ಇದ್ದರೆ ಗಂಟೆಗೆ 90,000 ಲೀಟರ್. ಜಂಬೋ ಸಿಲಿಂಡರಿನಲ್ಲಿರುವುದು ಸುಮಾರು 7,000 ಲೀಟರ್. ಅಂದರೆ ದಿನಕ್ಕೆ 300ಕ್ಕೂ ಹೆಚ್ಚು ಸಿಲಿಂಡರ್ ಹೊತ್ತು ಬದಲಿಸಬೇಕು. ಒಂದು ಲೀಟರ್ ದ್ರವ ಆಕ್ಸಿಜನ್ ಸುಮಾರು 860 ಲೀಟರ್ ಅನಿಲವಾಗುವುದರಿಂದ, 10,000 ಲೀಟರಿನ ಟ್ಯಾಂಕು ಇದೇ ನೂರು ಮಂದಿಗೆ ನಾಲ್ಕು ದಿನ ಸಾಕು. ಟ್ಯಾಂಕನ್ನು ಅವಸರದಲ್ಲೂ ತಂದು ನಿಲ್ಲಿಸಬಹುದು. ಪೈಪನ್ನು ಹಾಗಲ್ಲ.

ಬ್ರಿಟನ್ನಿನ ಆಸ್ಪತ್ರೆ ಮಾನದಂಡದ ಪ್ರಕಾರ ಸಾಮಾನ್ಯ ವಾರ್ಡಿನ ಮೊದಲ ಹಾಸಿಗೆಗೆ ನಿಮಿಷಕ್ಕೆ 10 ಲೀಟರ್, ಉಳಿದ ಪ್ರತಿ ಹಾಸಿಗೆಗೆ ಒಂದೂವರೆ ಲೀಟರ್ ಎಂದು ಹಿಡಿದು ಪೈಪಿನ ಅಳತೆ ನಿರ್ಧರಿಸುತ್ತಾರೆ. ಎಲ್ಲರಿಗೂ ಒಟ್ಟಿಗೆ ಬೇಕಾಗದು ಎಂಬ ನಂಬಿಕೆ ಅದು. 28 ಹಾಸಿಗೆಗೆ 50.5 ಲೀಟರ್. ಎಲ್ಲರಿಗೂ 15 ಲೀಟರ್ ಬೇಕಾದರೆ 420, ಎಂಟು ಪಟ್ಟು! 2020ರ ಏಪ್ರಿಲ್‌ನಲ್ಲಿ ಅಲ್ಲಿನ ವಾಟ್‌ಫರ್ಡ್ ಆಸ್ಪತ್ರೆ ಆಕ್ಸಿಜನ್ ವ್ಯವಸ್ಥೆಯ ತೊಂದರೆಯಿಂದ ತುರ್ತುಸ್ಥಿತಿ ಸಾರಬೇಕಾಯಿತು.

ಈ ಪೈಪುಗಳು ತಾಮ್ರದವು. ಈಗ ಆ ತಾಮ್ರದ ತೂಕ ನೋಡಿ. 22 ಮಿ.ಮೀ. ಪೈಪಿನ ನೂರು ಮೀಟರಿಗೆ ಸುಮಾರು 53 ಕೆ.ಜಿ., 42 ಮಿ.ಮೀ. ಪೈಪಿಗೆ ಸುಮಾರು 137 ಕೆ.ಜಿ. ತಾಮ್ರ ಹೆಚ್ಚುವುದು ಎರಡೂವರೆ ಪಟ್ಟು; ಅಷ್ಟೇ ಒತ್ತಡ ಇಳಿಕೆಯಲ್ಲಿ ಹರಿಯುವ ಅನಿಲ ಐದು ಪಟ್ಟಿಗೂ ಮೀರಿ. ಕಟ್ಟುವಾಗಲೇ ಹಾಕಿದರೆ ಹೆಚ್ಚುವರಿ 84 ಕೆ.ಜಿ. ಆಮೇಲೆ ಹಾಕುವುದಾದರೆ ವಾರ್ಡು ಖಾಲಿ ಮಾಡಿ, ಗೋಡೆ ಒಡೆದು, ಬೆಸುಗೆ ಹಾಕಿ, ಒತ್ತಡ ಪರೀಕ್ಷಿಸಬೇಕು. ರೋಗಿಗಳು ಬಾಗಿಲಲ್ಲಿ ಕಾಯುತ್ತಿರುವಾಗ ಇದು ಆಗದ ಮಾತು.

ಕಟ್ಟುವಾಗಲೇ ಸಿದ್ಧತೆ ಮಾಡಿಡುವುದನ್ನು ಇಸ್ರೇಲಿನ ಹೈಫಾದಲ್ಲಿರುವ ರಾಂಬಾಂ ಆಸ್ಪತ್ರೆ ಮಾಡಿ ತೋರಿಸಿದೆ. 2006ರ ಯುದ್ಧದ ಬಳಿಕ ಅದು ನೆಲದಡಿ ಮೂರಂತಸ್ತಿನ, 1,500 ವಾಹನಗಳ ಪಾರ್ಕಿಂಗ್ ಕಟ್ಟಿತು. ಆಕ್ಸಿಜನ್, ವಿದ್ಯುತ್, ನೀರಿನ ಸಂಪರ್ಕವೆಲ್ಲ ಅಲ್ಲೇ ಸಿದ್ಧ. 72 ಗಂಟೆಯೊಳಗೆ 2,000 ಹಾಸಿಗೆಗಳ ಆಸ್ಪತ್ರೆಯಾಗುವಂತೆ ವಿನ್ಯಾಸ. 2020ರಲ್ಲಿ ಕೋವಿಡ್ ರೋಗಿಗಳಿಗೆ, 2024ರಲ್ಲಿ ಯುದ್ಧಕಾಲಕ್ಕೆ ಅದು ಬಳಕೆಯಾಯಿತು.

ನಮ್ಮ ಜಿಲ್ಲಾಸ್ಪತ್ರೆಗಳಿಗೆ ಅಷ್ಟು ದೊಡ್ಡದು ಬೇಡ. ಹೊಸ ಕಟ್ಟಡದ ನಕ್ಷೆಯಲ್ಲಿ ಮುಖ್ಯ ಪೈಪು ಒಂದೆರಡು ಅಳತೆ ದಪ್ಪಗಿರಲಿ, ತುರ್ತಿನಲ್ಲಿ ವಾರ್ಡಾಗಬಲ್ಲ ಸಭಾಂಗಣದ ಗೋಡೆಗೆ ಮುಚ್ಚಳ ಹಾಕಿದ ವಾಲ್ವುಗಳಿರಲಿ. ಟೆಂಡರ್ ಕರೆಯುವ ಮುನ್ನ ಎಂಜಿನಿಯರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಎಲ್ಲ ಹಾಸಿಗೆಗೂ ಒಟ್ಟಿಗೆ 15 ಲೀಟರ್ ಬೇಕಾದರೆ ಕೊನೆಯ ಹಾಸಿಗೆಯಲ್ಲಿ ಒತ್ತಡ ಎಷ್ಟು ಉಳಿಯುತ್ತದೆ?