ಪಾವಿಗೆ ಎಷ್ಟು ಗ್ರಾಂ?

ಅಡುಗೆ ಎಣ್ಣೆಯ ಒಂದು ಲೀಟರ್ ಪ್ಯಾಕೆಟ್ ತಿರುಗಿಸಿ ನೋಡಿದರೆ ಸಾಮಾನ್ಯವಾಗಿ 910 ಗ್ರಾಂ ಎಂದೂ ಅಚ್ಚಾಗಿರುತ್ತದೆ. ಉಳಿದ 90 ಗ್ರಾಂ ಎಲ್ಲಿ ಹೋಯಿತು ಎಂದು ಅಂಗಡಿಯವರ ಮೇಲೆ ಅನುಮಾನ ಪಡಬೇಕಿಲ್ಲ. ಲೀಟರ್ ಜಾಗದ ಲೆಕ್ಕ, ಗ್ರಾಂ ತೂಕದ ಲೆಕ್ಕ. ನೀರಿಗಾದರೆ ಎರಡೂ ಹೆಚ್ಚುಕಡಿಮೆ ಒಂದೇ: ಒಂದು ಲೀಟರ್ ಎಂದರೆ ಒಂದು ಕಿಲೋ. ಎಣ್ಣೆ ನೀರಿಗಿಂತ ಹಗುರ, ಸಾರಿನ ಮೇಲೆ ತೇಲುವುದೂ ಅದಕ್ಕೇ. ಜೇನುತುಪ್ಪ ಭಾರ, ಲೀಟರಿಗೆ 1,400 ಗ್ರಾಂ ತೂಗುತ್ತದೆ.

ನಮ್ಮಲ್ಲಿ ಗೊಂದಲ ಮಾತಿನಲ್ಲೇ ಇತ್ತು. ತಕ್ಕಡಿಯ ಕಲ್ಲಿಗೂ ಸೇರು, ಅಕ್ಕಿ ಅಳೆಯುವ ಪಾತ್ರೆಗೂ ಸೇರು. ಅದರ ಕಾಲುಭಾಗ ಪಾವು, ಪಾವಿನ ಕಾಲುಭಾಗ ಚಟಾಕು. ತೂಕದ ಸೇರಾದರೂ ಒಂದೇ ಆಗಿತ್ತೇ? 80 ತೊಲದ ಪಕ್ಕಾ ಸೇರು ಸುಮಾರು 933 ಗ್ರಾಂ, 24 ತೊಲದ ಕಚ್ಚಾ ಸೇರು 280 ಗ್ರಾಂ. 1958ರಲ್ಲಿ ಮೆಟ್ರಿಕ್ ತೂಕಗಳು ಜಾರಿಗೆ ಬರತೊಡಗಿದವು. ಅಂಗಡಿಯ ಸೇರು ಹೋಯಿತು, ಅಕ್ಕಿ ಡಬ್ಬದೊಳಗಿನ ಪಾವು ಕದಲಲಿಲ್ಲ.

ಕಾಳು, ಹಿಟ್ಟುಗಳ ವಿಷಯಕ್ಕೆ ಬಂದರೆ ಲೆಕ್ಕ ಇನ್ನೂ ಸೊಗಸು. ಅಕ್ಕಿಕಾಳು ನೀರಿಗಿಂತ ಭಾರ, ತೊಳೆಯುವಾಗ ತಳಕ್ಕೆ ಕೂರುತ್ತದೆ. ಆದರೂ 240 ಮಿ.ಲೀ. ಕಪ್ಪಿಗೆ 200 ಗ್ರಾಂ ಅಕ್ಕಿ ಹಿಡಿಸುವುದು ಕಷ್ಟ. ಕಾಳುಗಳ ಸಂದಿಯಲ್ಲಿ ಗಾಳಿ ಕೂತಿದೆ, ಹೆಚ್ಚುಕಡಿಮೆ ಐದರಲ್ಲಿ ಎರಡು ಪಾಲು ಜಾಗ ಅದರದೇ. ಅದೇ ಕಪ್ಪಿನಲ್ಲಿ ಸಕ್ಕರೆ 200 ಗ್ರಾಂ, ರವೆ 170ರ ಆಸುಪಾಸು. ಮಂಡಕ್ಕಿಯ ಮಾತಂತೂ ಬೇಡವೇ ಬೇಡ.

ಎಲ್ಲಕ್ಕಿಂತ ಕಾಡುವುದು ಮೈದಾ. ಜರಡಿ ಹಿಡಿದು ಮೆಲ್ಲಗೆ ತುಂಬಿ ಬಾಯಿಮಟ್ಟಕ್ಕೆ ಸವರಿದರೆ ಕಪ್ಪಿಗೆ ಸುಮಾರು 120 ಗ್ರಾಂ. ಡಬ್ಬದೊಳಗೆ ಕಪ್ಪನ್ನೇ ಅದ್ದಿ ಒತ್ತಿ ತೆಗೆದರೆ 150 ಆದರೂ ಆಯಿತು. ಹಿಟ್ಟು ಅದೇ, ಕಪ್ಪೂ ಅದೇ, ಕೇಕು ಮಾತ್ರ ಇಟ್ಟಿಗೆ. ಬೇಕರಿಯವರು ಎಲ್ಲವನ್ನೂ ತಕ್ಕಡಿಗೆ ಹಾಕುವುದು ಸುಮ್ಮನೆ ಅಲ್ಲ. ಇನ್ನು ಉಪ್ಪು. ಪುಡಿ ಉಪ್ಪು ಸಣ್ಣ ಚಮಚಕ್ಕೆ ಸುಮಾರು 6 ಗ್ರಾಂ ಕೂರುತ್ತದೆ. ಕಲ್ಲುಪ್ಪಿನ ಹರಳುಗಳ ನಡುವೆ ಸಂದಿ ಹೆಚ್ಚು, ಆದ್ದರಿಂದ ತೂಕ ಕಡಿಮೆ. ಅಜ್ಜಿ ಕಲ್ಲುಪ್ಪಿನಲ್ಲಿ ಹೇಳಿದ ಉಪ್ಪಿನಕಾಯಿ ಅಳತೆಗೆ ಪುಡಿ ಉಪ್ಪು ಸುರಿದವರ ಮುಖ ನೋಡಬೇಕು!

ಹಾಗೆಂದು ಎಲ್ಲದಕ್ಕೂ ತಕ್ಕಡಿ ಬೇಕಿಲ್ಲ. ಇಡ್ಲಿಗೆ ಒಂದು ಪಾವು ಉದ್ದಿಗೆ ಮೂರು ಪಾವು ಅಕ್ಕಿ ಎಂದರೆ ಪಾವು ಎಷ್ಟು ದೊಡ್ಡದು ಎಂಬುದು ಮುಖ್ಯವೇ ಅಲ್ಲ. ಎರಡಕ್ಕೂ ಒಂದೇ ಪಾವು ಹಿಡಿದರೆ ಸಾಕು. ತೊಂದರೆ ಬರುವುದು ಅವಲಕ್ಕಿಯಲ್ಲಿ: ಒಂದು ಪಾವು ಗಟ್ಟಿ ಅವಲಕ್ಕಿಗೂ ಒಂದು ಪಾವು ಪೇಪರ್ ಅವಲಕ್ಕಿಗೂ ತೂಕದಲ್ಲಿ ಸಂಬಂಧವೇ ಇಲ್ಲ. ಇನ್ನೊಂದು ಬಲೆ ರೈಸ್ ಕುಕ್ಕರ್ ಜೊತೆ ಬರುವ ಪ್ಲಾಸ್ಟಿಕ್ ಕಪ್ಪು. ಅದು ಸಾಮಾನ್ಯವಾಗಿ ಜಪಾನಿನ 'ಗೋ' ಅಳತೆಯದು, 180 ಮಿ.ಲೀ. ಅಮೆರಿಕದ ಪಾಕಪುಸ್ತಕದ ಕಪ್ಪು ಸುಮಾರು 240, ಆಸ್ಟ್ರೇಲಿಯಾದ್ದು 250. ಯಾವ ದೇಶದ ಪುಸ್ತಕ ಎಂದು ನೋಡದೆ ಗ್ರಾಮಿಗೆ ಇಳಿಸಲು ಹೋಗಬೇಡಿ.

ನಿಮ್ಮ ಮನೆಯ ಪಾವು ಎಷ್ಟರದು ಎಂದು ತಿಳಿಯಲು ಪುಸ್ತಕ ಬೇಡ, ಡಿಜಿಟಲ್ ತಕ್ಕಡಿ ಸಾಕು. ಖಾಲಿ ಪಾವನ್ನು ಅದರ ಮೇಲಿಟ್ಟು ಸೊನ್ನೆಗೆ ತನ್ನಿ, ಬಾಯಿಮಟ್ಟಕ್ಕೆ ನೀರು ತುಂಬಿ. 230 ಗ್ರಾಂ ಎಂದು ತೋರಿಸಿತೆನ್ನಿ, ನಿಮ್ಮ ಪಾವು 230 ಮಿ.ಲೀ. ಚೆನ್ನಾಗಿ ಒರೆಸಿ ಅಕ್ಕಿ ತುಂಬಿ, ಕುಕ್ಕದೆ, ಬೆರಳಿಂದ ಸವರಿ ತೂಗಿ. 190 ಬಂದರೆ ಅದನ್ನು ಡಬ್ಬದ ಮುಚ್ಚಳದ ಒಳಗೆ ಬರೆದಿಡಿ. ಸೋನಾ ಮಸೂರಿ ಮುಗಿದು ಕೆಂಪಕ್ಕಿ ತಂದ ದಿನ ಮತ್ತೊಮ್ಮೆ ತೂಗಬೇಕಾಗುತ್ತದೆ.