ಅಮ್ಮನ ನಡಿಗೆಯ ಅಳತೆಗೆ ಒಂದು ಕಡಲಯಾನ

ಕೋಣೆಯೊಳಗೆ ಕಾಲಿಟ್ಟ ಅಮ್ಮ ಮೊದಲು ಗಮನಿಸಿದ್ದು ಬಚ್ಚಲಿನ ಹೊಸ್ತಿಲನ್ನು. ನೆಲದಿಂದ ನಾಲ್ಕು ಬೆರಳು ಎತ್ತರ. ಹಡಗು ವಾಲಿದಾಗ ಬಚ್ಚಲಿನ ನೀರು ಕೋಣೆಗೆ ಹರಿಯದಿರಲಿ ಎಂದು ಹಾಕಿದ್ದು. ಅಮ್ಮನಿಗೆ 74 ವರ್ಷ, ಎರಡೂ ಮಂಡಿ ಸವೆದಿವೆ. ಗೋಡೆಗೆ ಕೈಕೊಟ್ಟು ಒಂದು ಸಲ ದಾಟಿದಳು, ಈಚೆಗೆ ಬಂದಳು, ಮತ್ತೊಮ್ಮೆ ದಾಟಿ ನೋಡಿದಳು. 'ಅಡ್ಡಿಲ್ಲ' ಎಂದಳು. ಆಮೇಲಷ್ಟೇ ಕಿಟಕಿಯತ್ತ ಹೋಗಿ ಕಡಲು ನೋಡಿದ್ದು.

ಮುಂಬಯಿಯ ಬ್ಯಾಲರ್ಡ್ ಪಿಯರ್‌ನಲ್ಲಿ ನಿಂತಿದ್ದ 'ಎಂಪ್ರೆಸ್' ಎಂಬ ಹಡಗು ಅದು. ನಾನು, ನನ್ನ ಯಜಮಾನರು, ಹದಿನೈದರ ಮಗಳು, ಒಂಬತ್ತರ ಮಗ, ಅಮ್ಮ. ಗೋವಾ ಮತ್ತು ಲಕ್ಷದ್ವೀಪ ಮುಟ್ಟಿ ಮುಂಬಯಿಗೇ ಮರಳುವ ಐದು ರಾತ್ರಿಯ ಯಾನ. ನಮ್ಮಲ್ಲಿ ಯಾರೂ ಈ ಮೊದಲು ಇಂಥ ಹಡಗು ಹತ್ತಿದವರಲ್ಲ. ಅಮ್ಮನ ಸೋದರಮಾವ ಮಂಗಳೂರಿನ ಬಂದರಿನಿಂದ ಸ್ಟೀಮರಿನಲ್ಲಿ ಮುಂಬಯಿಗೆ ಹೋಗುತ್ತಿದ್ದರಂತೆ, ಡೆಕ್ಕಿನ ಮೇಲೆ ಚಾಪೆ ಹಾಸಿಕೊಂಡು. ಮನೆಯಲ್ಲಿ ಹಡಗಿನ ಬಗ್ಗೆ ಇದ್ದ ಅನುಭವ ಅಷ್ಟೇ.

ಕಳೆದ ಐದಾರು ವರ್ಷಗಳಿಂದ ನಮ್ಮ ಪ್ರವಾಸಗಳಲ್ಲೆಲ್ಲ ಅಮ್ಮ ಬೆಂಚಿನ ಮೇಲೆ ಉಳಿದವಳು. ಬಾದಾಮಿಯಲ್ಲಿ ಮೆಟ್ಟಿಲ ಬುಡದಲ್ಲಿ, ಹಂಪಿಯಲ್ಲಿ ಆಟೋದೊಳಗೆ, ಊಟಿಯಲ್ಲಿ ಹೋಟೆಲಿನ ವರಾಂಡದಲ್ಲಿ. 'ನೀವು ಹೋಗಿ ಬನ್ನಿ' ಎನ್ನುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು. ಹಾಗಾಗಿ ಈ ಸಲ ಒಂದೇ ನಿಯಮ ಇಟ್ಟುಕೊಂಡೆವು: ಏನನ್ನೇ ಆರಿಸಿದರೂ ಅಮ್ಮನ ನಡಿಗೆಯ ಅಳತೆಗೆ ಆರಿಸುವುದು. ಮೊದಲ ಸಲ ಮನೆಮಂದಿಯೊಂದಿಗೆ ಹಡಗು ಹತ್ತುವವರು ಯಾರೇ ಕೇಳಲಿ, ನಾನು ಹೇಳುವುದು ಇದನ್ನೇ. ಮನೆಯಲ್ಲಿ ಯಾರ ಕಾಲು ನಿಧಾನವೋ ಅವರ ಕಾಲಿನಿಂದ ಲೆಕ್ಕ ಶುರುಮಾಡಿ.

ಆ ಲೆಕ್ಕದಲ್ಲಿ ಈ ಹಡಗು ಸರಿಹೊಂದಿತು. 1990ರಲ್ಲಿ ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ರಾಯಲ್ ಕೆರಿಬಿಯನ್ ಕಂಪನಿಗಾಗಿ ಕಟ್ಟಿದ್ದು, ಆಗಿನ ಹೆಸರು 'ನಾರ್ಡಿಕ್ ಎಂಪ್ರೆಸ್'. ಮಿಯಾಮಿಯಿಂದ ಬಹಾಮಾಸ್‌ಗೆ ಮೂರು ನಾಲ್ಕು ರಾತ್ರಿಯ ಚಿಕ್ಕ ಯಾನಗಳಿಗೆಂದೇ ರೂಪಿಸಿದ ಹಡಗು. 2021ರ ಸೆಪ್ಟೆಂಬರ್‌ನಿಂದ ಕಾರ್ಡೆಲಿಯಾ ಕಂಪನಿಯ ಹೆಸರಿನಲ್ಲಿ ನಮ್ಮ ಕರಾವಳಿಯಲ್ಲಿ ಓಡುತ್ತಿದೆ. ಉದ್ದ ಸುಮಾರು 210 ಮೀಟರ್. ಈಗಿನ ದೈತ್ಯ ಹಡಗು 'ಐಕಾನ್ ಆಫ್ ದಿ ಸೀಸ್' 365 ಮೀಟರ್ ಇದೆ. ಮಂಡಿನೋವಿನವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಊಟದ ಹಾಲಿನಿಂದ ಕೋಣೆಗೆ, ಕೋಣೆಯಿಂದ ಡೆಕ್ಕಿಗೆ ದಿನಕ್ಕೆ ಆರೆಂಟು ಸಲ ಓಡಾಡಬೇಕಾಗುತ್ತದೆ. ದೊಡ್ಡ ಹಡಗು ಎಂದರೆ ಉದ್ದನೆಯ ಓಣಿ.

ಕೋಣೆಯ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೆಚ್ಚಿನವರು ತಪ್ಪುವುದು ಇಲ್ಲೇ. ನಮಗೆ ಟಿಕೆಟ್ ಮಾಡಿಕೊಟ್ಟ ಏಜೆಂಟ್ ಮೊದಲು ಮೇಲಿನ ಮಹಡಿಯಲ್ಲಿ, ಹಡಗಿನ ಮೂತಿಯ ಕಡೆ ಎರಡು ಕೋಣೆ ಹಾಕಿದ್ದ. ಎತ್ತರದಲ್ಲಿದ್ದರೆ ನೋಟ ಚೆಂದ ಎಂಬುದು ಅವನ ವಾದ. ನಾವು ಹಟ ಹಿಡಿದು ಬದಲಿಸಿಕೊಂಡೆವು. ಮಕ್ಕಳು ಏರಿಳಿತ ಆಡುವ ಹಲಗೆಯನ್ನು ನೆನೆಸಿಕೊಳ್ಳಿ. ತುದಿಯಲ್ಲಿ ಕೂತವರು ಮೇಲೆ ಕೆಳಗೆ ಹಾರುತ್ತಾರೆ, ನಡುವಿನ ಗೂಟ ಅಲುಗುವುದಿಲ್ಲ. ಹಡಗೂ ಹಾಗೆಯೇ. ಮೂತಿ ಮತ್ತು ಬಾಲದ ಕಡೆ ಕುಲುಕಾಟ ಹೆಚ್ಚು, ಮೇಲಿನ ಮಹಡಿಗಳಲ್ಲಿ ತೂಗಾಟ ಹೆಚ್ಚು. ಕೆಳಗಿನ ಮಹಡಿ, ನಡುಭಾಗ, ಲಿಫ್ಟಿಗೆ ಹತ್ತಿರ: ಹಿರಿಯರಿಗೂ ಹೊಟ್ಟೆ ತೊಳಸುವವರಿಗೂ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಕಡಿಮೆ ದರದ ಟಿಕೆಟ್‌ಗಳಲ್ಲಿ ಕೋಣೆಯ ಸಂಖ್ಯೆಯನ್ನು ಆಮೇಲೆ ಅವರೇ ಕೊಡುವುದುಂಟು. ವಯಸ್ಸಾದವರು ಜತೆಗಿದ್ದರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ನಾವೇ ಆರಿಸುವುದು ಲೇಸು.

ಕಿಟಕಿಯಿಲ್ಲದ ಒಳಕೋಣೆ ಅಗ್ಗ. ಆದರೆ ದೀಪ ಆರಿಸಿದರೆ ಹಗಲೋ ರಾತ್ರಿಯೋ ತಿಳಿಯುವುದಿಲ್ಲ. ದಿನವಿಡೀ ಹೊರಗೆ ತಿರುಗುವ ಹುಡುಗರಿಗೆ ಸಾಕು. ಕೋಣೆಯಲ್ಲೇ ಮಲಗಿ ಏಳುವ ಹಿರಿಯರಿಗೆ ಕಿಟಕಿ ಬೇಕು. ಬಾಲ್ಕನಿ ಕೋಣೆಗಳು ಈ ಹಡಗಿನಲ್ಲಿ ಕಡಿಮೆ, ಓಡಾಡುವ ಪುಟ್ಟ ಮಗು ಜತೆಗಿದ್ದರೆ ನಾನಂತೂ ತೆಗೆದುಕೊಳ್ಳಲಾರೆ. ಇನ್ನೊಂದು ವಿಷಯ: ಮುಂಬಯಿಯಿಂದ ತೆಂಕಣಕ್ಕೆ ಹೊರಟಾಗ ದಡ ಎಡಗಡೆ, ಸೂರ್ಯಾಸ್ತ ಬಲಗಡೆ. ಅಮ್ಮನ ಕೋಣೆಯನ್ನು ಎಡಕ್ಕೆ ಕೇಳಿಕೊಂಡಿದ್ದೆವು, ರಾತ್ರಿ ಎಚ್ಚರವಾದರೆ ದಡದ ದೀಪ ಕಾಣಲಿ ಎಂದು.

ಹಡಗು ಯಾರಿಗೂ ಕಾಯುವುದಿಲ್ಲ. ನಾವು ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಹಿಂದಿನ ದಿನವೇ ಬಂದು ಸಿಎಸ್‌ಎಂಟಿ ನಿಲ್ದಾಣದ ಹತ್ತಿರ ಉಳಿದಿದ್ದೆವು. ಅಲ್ಲಿಂದ ಬ್ಯಾಲರ್ಡ್ ಪಿಯರ್ ಟ್ಯಾಕ್ಸಿಯಲ್ಲಿ ಕೆಲವೇ ನಿಮಿಷ. ಟರ್ಮಿನಲ್‌ನಲ್ಲಿ ಪೆಟ್ಟಿಗೆಗಳಿಗೆ ಕೋಣೆಯ ಸಂಖ್ಯೆಯ ಚೀಟಿ ಕಟ್ಟಿ ಒಪ್ಪಿಸಿದರೆ ಅವು ಸಂಜೆಯ ಹೊತ್ತಿಗೆ ಕೋಣೆಯ ಬಾಗಿಲಿಗೆ ಬರುತ್ತವೆ. ಅಲ್ಲಿಯವರೆಗೆ ಬೇಕಾದ ಮಾತ್ರೆ, ಕನ್ನಡಕ, ಆಧಾರ್ ಕಾರ್ಡ್, ಒಂದು ಜತೆ ಬಟ್ಟೆ ಕೈಚೀಲದಲ್ಲೇ ಇರಬೇಕು. ದೇಶದೊಳಗಿನ ಯಾನಕ್ಕೆ ಪಾಸ್‌ಪೋರ್ಟ್ ಬೇಡ. ಇದೇ ಕಂಪನಿಯ ಚೆನ್ನೈ–ಶ್ರೀಲಂಕಾ ಯಾನಕ್ಕೆ ಬೇಕು. ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಕಡ್ಡಾಯವಾದ್ದರಿಂದ ದಾಖಲೆಗಳನ್ನು ಮುಂಚೆಯೇ ಕೇಳುತ್ತಾರೆ, ತಡಮಾಡದೆ ಕೊಟ್ಟುಬಿಡಬೇಕು. ಆರು ತಿಂಗಳೊಳಗಿನ ಕೂಸುಗಳನ್ನು, 24 ವಾರ ತುಂಬಿದ ಗರ್ಭಿಣಿಯರನ್ನು ಸಾಮಾನ್ಯವಾಗಿ ಯಾವ ಹಡಗಿನವರೂ ಹತ್ತಿಸಿಕೊಳ್ಳುವುದಿಲ್ಲ. ಟಿಕೆಟ್ ಮಾಡುವ ಮೊದಲೇ ವಿಚಾರಿಸಿಕೊಳ್ಳಿ.

ಅಮ್ಮನ ಚೀಲದಲ್ಲಿ ಬೆಳ್ಳಿಯ ಪುಟ್ಟ ದೀಪ, ಬತ್ತಿ, ಊದುಬತ್ತಿ ಇದ್ದವು. ಮನೆಯಲ್ಲೇ ತೆಗೆದಿಡಿಸಿದೆ. ಹಡಗಿನಲ್ಲಿ ಬೆಂಕಿಗೆ ಹೆದರುವಷ್ಟು ಬೇರೆ ಯಾವುದಕ್ಕೂ ಹೆದರುವುದಿಲ್ಲ, ಓಡಿಹೋಗಲು ಬೀದಿಯಿಲ್ಲವಲ್ಲ. ದೀಪ, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್, ವಿದ್ಯುತ್ ಕೆಟಲ್ ಯಾವುದನ್ನೂ ಬಿಡುವುದಿಲ್ಲ. ಹೊರಗಿನ ತಿಂಡಿಯನ್ನೂ ಬಿಡುವುದಿಲ್ಲ. ಮಗ ಮಾತ್ರ ಎಲ್ಲೋ ಓದಿ ಅರ್ಧ ಡಜನ್ ಅಯಸ್ಕಾಂತದ ಕೊಕ್ಕೆ ತಂದಿದ್ದ. ಕೋಣೆಯ ಗೋಡೆ ಉಕ್ಕಿನದು, ಟಪ್ಪನೆ ಅಂಟಿಕೊಂಡವು. ಅಮ್ಮನ ಟವೆಲು, ಊರುಗೋಲು, ಮಾತ್ರೆಯ ಚೀಲ ಎಲ್ಲವೂ ಕೈಗೆ ಸಿಗುವ ಎತ್ತರದಲ್ಲಿ ನೇತಾಡಿದವು. ಆ ಪ್ರವಾಸಕ್ಕೆ ನಾವು ಒಯ್ದ ವಸ್ತುಗಳಲ್ಲಿ ಅಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ.

ಹೊರಡುವ ಮೊದಲು ಎಲ್ಲರನ್ನೂ ಮಸ್ಟರ್ ಡ್ರಿಲ್‌ಗೆ ಕರೆದರು. ಅಪಾಯ ಒದಗಿದರೆ ಎಲ್ಲಿ ಸೇರಬೇಕು, ಲೈಫ್ ಜಾಕೆಟ್ ಹೇಗೆ ಕಟ್ಟಿಕೊಳ್ಳಬೇಕು ಎಂಬುದರ ತಾಲೀಮು. ಏಳು ಸಲ ಗಿಡ್ಡ ಸದ್ದು, ಕೊನೆಗೊಂದು ಉದ್ದನೆಯ ಸದ್ದು. ಜಗತ್ತಿನ ಯಾವ ಹಡಗಿನಲ್ಲೂ ಅದೇ ಸೂಚನೆ. ನಮ್ಮ ಸುತ್ತಲೂ ಕೆಲವರು ಫೋನ್ ನೋಡುತ್ತಿದ್ದರು. 2012ರ ಜನವರಿಯಲ್ಲಿ ಇಟಲಿಯ ಜಿಲ್ಯೋ ದ್ವೀಪದ ಬಳಿ 'ಕೋಸ್ಟಾ ಕಾಂಕಾರ್ಡಿಯಾ' ಬಂಡೆಗೆ ಬಡಿದು ವಾಲಿದಾಗ 32 ಜನ ಸತ್ತರು. ಅದೇ ಸಂಜೆ ಹತ್ತಿದ ಸುಮಾರು 700 ಪ್ರಯಾಣಿಕರಿಗೆ ಡ್ರಿಲ್ ಇನ್ನೂ ಆಗಿರಲಿಲ್ಲ. ಆಗಿನ ನಿಯಮದಲ್ಲಿ ಅದಕ್ಕೆ 24 ಗಂಟೆಯ ಗಡುವಿತ್ತು. ಆಮೇಲೆ ನಿಯಮ ಬದಲಾಗಿ, ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಡ್ರಿಲ್ ಮಾಡಲೇಬೇಕೆಂದಾಯಿತು. ಆ 32 ಜನರನ್ನು ನೆನೆದಾದರೂ ಅರ್ಧ ಗಂಟೆ ಗಮನಕೊಟ್ಟು ಕೇಳಬೇಕು.

ಅವರು ಹೇಳಿದ್ದರ ಮೇಲೆ ನಾವು ನಮ್ಮದೇ ಮಾತೊಂದು ಮಾಡಿಕೊಂಡೆವು. ಗಂಟೆ ಬಾರಿಸಿದಾಗ ಯಾರು ಎಲ್ಲೇ ಇರಲಿ, ಒಬ್ಬರನ್ನೊಬ್ಬರು ಹುಡುಕಲು ಹೋಗಬಾರದು. ನೇರವಾಗಿ ಕಾರ್ಡಿನಲ್ಲಿ ಬರೆದಿರುವ ಜಾಗಕ್ಕೆ ಬರುವುದು. ಅಜ್ಜಿಯ ಜತೆ ಅಪ್ಪ. ಮಗ ಮಕ್ಕಳ ಕೋಣೆಯಲ್ಲಿದ್ದರೆ ಅಲ್ಲಿಯವರೇ ಕರೆತರುತ್ತಾರೆ. ಮಗನಿಂದ ಎರಡು ಸಲ ಹೇಳಿಸಿದೆ. ಮಗುವಿನ ಅಳತೆಯ ಜಾಕೆಟ್ ಕೋಣೆಯಲ್ಲಿಲ್ಲದಿದ್ದರೆ ಮೊದಲ ಸಂಜೆಯೇ ಕೇಳಿ ತರಿಸಿಕೊಳ್ಳಬೇಕು.

ದಡದಿಂದ ದೂರವಾದಂತೆ ಮೊಬೈಲ್ ಸಿಗ್ನಲ್ ಹೋಗುತ್ತದೆ. ಆಗ ಫೋನ್ ತಾನಾಗಿಯೇ ಹಡಗಿನ ಉಪಗ್ರಹ ಜಾಲಕ್ಕೆ ಹೊಂದಿಕೊಂಡರೆ ಬಿಲ್ ವಿಪರೀತ ಬರುತ್ತದೆ. ಏರ್‌ಪ್ಲೇನ್ ಮೋಡ್‌ಗೆ ಹಾಕಿಬಿಡಬೇಕು. ಊರಿನವರಿಗೆ 'ಎರಡು ದಿನ ಫೋನ್ ಸಿಗುವುದಿಲ್ಲ' ಎಂದು ಮೊದಲೇ ಹೇಳಿರಬೇಕು. ಹಡಗಿನೊಳಗೆ ಒಬ್ಬರಿಗೊಬ್ಬರು ಕರೆ ಮಾಡಲಾಗದ್ದರಿಂದ ನಾವು ಹಳೇ ಕಾಲದವರಂತೆ ಹೊತ್ತು ಗೊತ್ತುಮಾಡಿಕೊಂಡೆವು: ಬೆಳಗ್ಗೆ ಎಂಟಕ್ಕೆ ತಿಂಡಿ, ಮಧ್ಯಾಹ್ನ ಒಂದಕ್ಕೆ ಊಟ, ಸಂಜೆ ಆರಕ್ಕೆ ಡೆಕ್. ನಡುವಿನ ಹೊತ್ತು ಅವರವರದು. ಮಗಳು ಪುಸ್ತಕ ಹಿಡಿದು ಎಲ್ಲೋ, ಮಗ ಈಜುಕೊಳದಲ್ಲಿ, ಅಮ್ಮ ನೆರಳಿನ ಕುರ್ಚಿಯಲ್ಲಿ. ಯಾರೂ ಯಾರಿಗಾಗಿಯೂ ಕಾಯಲಿಲ್ಲ, ಯಾರೂ ಹಿಂದೆ ಬೀಳಲಿಲ್ಲ. ನೆಲದ ಮೇಲಿನ ಯಾವ ಪ್ರವಾಸದಲ್ಲೂ ನಮಗೆ ಇದು ಸಾಧ್ಯವಾಗಿರಲಿಲ್ಲ.

ಊಟ ಟಿಕೆಟ್ಟಿನಲ್ಲೇ ಸೇರಿದೆ. ಸಸ್ಯಾಹಾರ ಧಾರಾಳ, ಜೈನರ ಅಡುಗೆಯೂ ಇದೆ. ಪಾನೀಯ, ಸ್ಪಾ, ಇಂಟರ್ನೆಟ್, ದಡದ ಸುತ್ತಾಟ ಬೇರೆ ಲೆಕ್ಕ. ಎಲ್ಲವೂ ಕೋಣೆಯ ಕಾರ್ಡಿಗೆ ಬೀಳುವುದರಿಂದ ಖರ್ಚು ಕಣ್ಣಿಗೆ ಕಾಣುವುದಿಲ್ಲ, ದಿನಾ ರಾತ್ರಿ ಕೌಂಟರಿನಲ್ಲಿ ಲೆಕ್ಕ ಕೇಳುವುದು ಒಳ್ಳೆಯದು. ಬಫೆಗೆ ಹೋಗುವ ಮುನ್ನ ಪ್ರತಿ ಸಲವೂ ಸಾಬೂನು ಹಾಕಿ ಕೈ ತೊಳೆಯಬೇಕು. ಸಾವಿರಾರು ಜನ ಅದೇ ಸೌಟು ಹಿಡಿಯುವ ಕಡೆ ವಾಂತಿಭೇದಿ ಹರಡುವುದು ಬಲು ಬೇಗ.

ಎರಡನೆಯ ದಿನ ಗೋವಾದ ಮುರಗಾಂವ್ ಬಂದರು. ಹಡಗು ದಕ್ಕೆಗೇ ತಾಗಿ ನಿಲ್ಲುತ್ತದೆ, ಸೇತುವೆಯಂಥ ಹಲಗೆಯ ಮೇಲೆ ನಡೆದು ಇಳಿಯಬಹುದು. ಅಮ್ಮ ಇಳಿದಳು. ಟ್ಯಾಕ್ಸಿ ಮಾಡಿಕೊಂಡು ಮಂಗೇಶಿಗೆ ಹೋಗಿ ದೇವರಿಗೆ ಕೈಮುಗಿದು, ಹಡಗಿನವರು ಹೇಳಿದ ವೇಳೆಗಿಂತ ಒಂದೂವರೆ ಗಂಟೆ ಮುಂಚೆಯೇ ಮರಳಿದೆವು. ಸ್ವಂತ ಟ್ಯಾಕ್ಸಿಯಲ್ಲಿ ಹೋದವರು ಅಷ್ಟು ಎಚ್ಚರದಲ್ಲಿರಲೇಬೇಕು.

ಆ ರಾತ್ರಿ ಹಡಗು ನೈಋತ್ಯಕ್ಕೆ ತಿರುಗಿತು. ಅಮ್ಮ ಅಂಕೋಲೆಯವಳು. ಎಡಗಡೆಯ ಕಟಕಟೆ ಹಿಡಿದು ಕತ್ತಲಿನತ್ತ ನೋಡುತ್ತ, 'ಕಾರವಾರ ಆ ಬದಿಗೇ ಅಲ್ದನೇ?' ಎಂದಳು. ದೀಪಗಳು ಒಂದೊಂದಾಗಿ ಹಿಂದೆ ಸರಿದು ಕೊನೆಗೆ ಏನೂ ಕಾಣದಾಯಿತು. ಹುಟ್ಟಿದಂದಿನಿಂದ ದಡದಲ್ಲಿ ನಿಂತು ಕಡಲು ನೋಡಿದವಳು ಮೊದಲ ಬಾರಿಗೆ ಕಡಲಿನಿಂದ ದಡ ನೋಡುತ್ತಿದ್ದಳು.

ಮೂರನೆಯ ದಿನ ಪೂರ್ತಿ ನೀರು. ಹೊಟ್ಟೆ ತೊಳಸಿದ್ದು ಮಗಳಿಗೆ. ಕಿಟಕಿಯಿಲ್ಲದ ಮೂಲೆಯಲ್ಲಿ ಕೂತು ಪುಸ್ತಕ ಓದಿದ್ದೇ ಕಾರಣ. ಕಿವಿಯೊಳಗಿನ ಸಮತೋಲದ ಅಂಗ 'ಅಲುಗುತ್ತಿದ್ದೇವೆ' ಎನ್ನುತ್ತದೆ, ಹಾಳೆ ನೋಡುವ ಕಣ್ಣು 'ಇಲ್ಲ' ಎನ್ನುತ್ತದೆ. ಆ ಜಗಳವೇ ತಲೆಸುತ್ತು. ಡೆಕ್ಕಿಗೆ ಕರೆತಂದು ದಿಗಂತದ ಗೆರೆಯನ್ನೇ ನೋಡಿಸಿದೆವು, ಶುಂಠಿ ಚಹಾ ಕುಡಿಸಿದೆವು, ಗಂಟೆಯೊಳಗೆ ಸುಧಾರಿಸಿದಳು. ಹೊಟ್ಟೆ ಖಾಲಿ ಬಿಟ್ಟರೂ ಕಷ್ಟ, ಬಿರಿಯುವಷ್ಟು ತಿಂದರೂ ಕಷ್ಟ. ಅವೊಮಿನ್‌ನಂಥ ಮಾತ್ರೆ ತೆಗೆದುಕೊಳ್ಳುವುದಾದರೆ ತೊಳಸಲು ಶುರುವಾಗುವ ಮೊದಲೇ ನುಂಗಬೇಕು. ಹಿರಿಯರಿಗೂ ಮಕ್ಕಳಿಗೂ ಊರಿನ ಡಾಕ್ಟರನ್ನು ಕೇಳಿಯೇ ಕೊಡಬೇಕು. ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ಶುಲ್ಕವೂ ಇರುತ್ತದೆ.

ನಾಲ್ಕನೆಯ ದಿನ ಲಕ್ಷದ್ವೀಪದ ಅಗತ್ತಿ. ಸುತ್ತಲೂ ಹವಳದ ದಿಬ್ಬವಿರುವುದರಿಂದ ದೊಡ್ಡ ಹಡಗು ಹತ್ತಿರ ಹೋಗುವಂತಿಲ್ಲ. ಹೊರಗಿನ ಆಳದಲ್ಲಿ ನಿಲ್ಲುತ್ತದೆ, ಅಲ್ಲಿಂದ ಸಣ್ಣ ದೋಣಿ. ಈ ದ್ವೀಪಸಮೂಹದ ಬಡಗಣ ಭಾಗ, ಅಂದರೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ, 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು ಎಂದು ಮಕ್ಕಳಿಗೆ ಹೇಳುತ್ತ ಕೆಳಗಿನ ಬಾಗಿಲಿಗೆ ಬಂದೆವು. ದೋಣಿ ಹಡಗಿನ ಪಕ್ಕದಲ್ಲಿ ಏರುತ್ತಿಳಿಯುತ್ತಿತ್ತು. ಅದು ಮೇಲೆ ಬಂದ ಗಳಿಗೆಯಲ್ಲೇ ಕಾಲಿಡಬೇಕು. ಸಿಬ್ಬಂದಿ ಎರಡೂ ಕಡೆ ತೋಳು ಹಿಡಿದು ದಾಟಿಸುತ್ತಿದ್ದರು.

ಅಮ್ಮ ನಿಂತು ನಾಲ್ಕೈದು ಜನ ದಾಟುವುದನ್ನು ನೋಡಿದಳು. ಬಚ್ಚಲಿನ ಹೊಸ್ತಿಲನ್ನು ನೋಡಿದಂತೆಯೇ. 'ಇದು ನನ್ನ ಕಾಲಿಗಲ್ಲ ಮಗಾ. ನೀವು ಹೋಗಿ ಬನ್ನಿ, ನಾ ಇಲ್ಲೇ ಇರ್ತೆ.'

ಒತ್ತಾಯಿಸಬೇಕೆನ್ನಿಸಿತು. ಒತ್ತಾಯಿಸಲಿಲ್ಲ. ಹಿರಿಯರು ಬೇಡವೆಂದರೆ ಅಲ್ಲಿಗೆ ಬಿಡಬೇಕು, ನೀರಿನ ಮೇಲಿನ ಹೆಜ್ಜೆಗೆ ಎರಡನೆಯ ಅವಕಾಶವಿರುವುದಿಲ್ಲ. ನನ್ನ ಯಜಮಾನರು ಅವಳ ಜತೆ ಉಳಿದರು. ನಾವು ಮೂವರು ದೋಣಿ ಹತ್ತಿದೆವು. ದಿಬ್ಬ ದಾಟಿದ ಕೂಡಲೇ ಕಡುನೀಲಿ ಹೋಗಿ ಹಸಿರುಗಾಜಿನಂಥ ತಿಳಿನೀರು, ತಳದ ಬಿಳಿಮರಳು, ಅದರ ಮೇಲೆ ನಮ್ಮದೇ ದೋಣಿಯ ನೆರಳು. ಮಗ ಮುಖವಾಡ ಹಾಕಿ ನೀರಿಗಿಳಿದು ಕಡಲಾಮೆ ನೋಡಿದ. ದಡದಲ್ಲಿ ಹವಳದ ತುಂಡೊಂದನ್ನು ಎತ್ತಿಕೊಂಡಿದ್ದ. ಒಯ್ಯುವುದು ಕಾನೂನಿಗೆ ವಿರುದ್ಧ ಎಂದು ಹೇಳಿ ಅಲ್ಲೇ ಇಡಿಸಿದೆ.

ಮರಳಿ ಬಂದಾಗ ಅಮ್ಮ ನೆರಳಿನ ಕಡೆಯ ಕಟಕಟೆಯ ಬಳಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. 'ನಿಮ್ಮ ದೋಣಿ ಹೋದದ್ದೂ ನೋಡಿದೆ, ಬಂದದ್ದೂ ನೋಡಿದೆ' ಎಂದಳು. 'ನಡುವೆ ಆ ನೀರು ನಾಲ್ಕು ಸಲ ಬಣ್ಣ ಬದಲಿಸ್ತು.' ಬಿಸಿಲು ಏರಿದಂತೆ ಎಲ್ಲೆಲ್ಲಿ ಯಾವ ಬಣ್ಣ ಬಂತೆಂದು ಬೆರಳಿನಿಂದ ತೋರಿಸಿದಳು. ನಾವು ಅದರೊಳಗೇ ಇದ್ದೆವು, ಆ ಬಣ್ಣಗಳು ನಮಗೆ ಕಂಡಿರಲಿಲ್ಲ.

ಮಗ ಒದ್ದೆ ತಲೆಯಲ್ಲೇ ಬಂದು ಅವಳ ಕುರ್ಚಿಯ ಕೈಮೇಲೆ ಕೂತ.

'ಆಮೆ ಎಷ್ಟು ದೊಡ್ಡದಿತ್ತೋ?' ಎಂದಳು ಅಮ್ಮ.

ಅವನು ಎರಡೂ ಕೈ ಅಗಲಿಸಿ ತೋರಿಸಿದ. ಸಾಲದೆನ್ನಿಸಿ ಇನ್ನೂ ಸ್ವಲ್ಪ ಅಗಲಿಸಿದ.